ಚಂಪಾಳ ಪೆಟ್ಟಿಗೆಯ ಬಿಸಿ

ನಮ್ಮೂರಿನಲ್ಲಿ ಬಿಸಿ ತಾನಾಗಿ ಆರುವುದಿಲ್ಲ. ಯಾರಾದರೂ ಬೇಕೆಂದು ಕೇಳಿ ತೆಗೆದುಕೊಳ್ಳಬೇಕು. ಒಲೆಯಿಂದ ಇಳಿಸಿದ ಅನ್ನದ ಪಾತ್ರೆಯನ್ನು ಹಾಗೇ ಬಿಟ್ಟರೆ ಮರುದಿನ ಮುಚ್ಚಳ ತೆಗೆದಾಗಲೂ ಹಬೆ ಮುಖಕ್ಕೆ ಹೊಡೆಯುತ್ತದೆ. ಹಾಗಾಗಿ ಬೆಳಗಿನ ಅಡುಗೆ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಯಾರಾದರೊಬ್ಬರು ತಣ್ಣೀರಿನ ಕೊಡ ಹಿಡಿದು ನಿಂತಿರುತ್ತಾರೆ. ಕೊಡವನ್ನು ಪಾತ್ರೆಗೆ ತಾಗಿಸಿ, "ಬೇಕು, ಕೊಡಿ" ಎನ್ನುತ್ತಾರೆ. ನಾವು "ನಿಮ್ಮದೇ, ತಗೊಳ್ಳಿ" ಎನ್ನುತ್ತೇವೆ. ಅವರ ಸ್ನಾನಕ್ಕೆ ನೀರು ಕಾಯುತ್ತದೆ, ನಮ್ಮ ಅನ್ನ ಉಣ್ಣುವ ಹದಕ್ಕೆ ಬರುತ್ತದೆ. ಮಗುವಿಗೆ ಜ್ವರ ಬಂದರೆ ಡಾಕ್ಟರನ್ನು ಕರೆಯುವ ಮೊದಲು ಚಳಿಗೆ ನಡುಗುವ ಮುದುಕರನ್ನು ಕರೆಯುವುದು ಇಲ್ಲಿನ ಪದ್ಧತಿ. ಅಜ್ಜಂದಿರು ಕಂಬಳಿ ಹೊದ್ದೇ ಬರುತ್ತಾರೆ, ಮಗುವಿನ ಅಂಗಾಲು ಹಿಡಿದು ಕೂರುತ್ತಾರೆ, ಹೋಗುವಾಗ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಾರೆ.

ನಾನು ಮದುವೆಯಾಗಿ ಹೊರಗಿನಿಂದ ಬಂದವಳು. ಹೊಸದರಲ್ಲಿ ಅತ್ತೆ ಕೊಟ್ಟ ಕಾಫಿಯನ್ನು ಊದಿಕೊಂಡು ಕುಡಿಯಲು ಹೋಗಿ ಇಡೀ ಮನೆಯನ್ನು ನಗಿಸಿದ್ದೆ. "ಊದಿದ್ರೆ ನಿನ್ನ ಉಸಿರು ದಂಡ ಕಣೇ ವಾರಿಜ" ಎಂದಿದ್ದರು ಅತ್ತೆ. "ಬೇಕು ಅಂತ ಕೇಳು, ಅದು ಕೊಡುತ್ತೆ. ಆದ್ರೆ ಬೇಕಾಗಿದ್ರೆ ಮಾತ್ರ ಕೇಳು. ಬಿಸಿಗೆ ಸುಳ್ಳು ಗೊತ್ತಾಗುತ್ತೆ." ಆ ಮಾತು ನನಗೆ ಪೂರ್ತಿ ಅರ್ಥವಾಗಿದ್ದು ಈ ವರ್ಷ, ನನ್ನ ಮಗಳು ಚಂಪಾ ಕಂಪ್ಯೂಟರ್ ಕಟ್ಟಿದ ಮೇಲೆ. ಬೇಳೆ ಬೇಯಲು ಇಟ್ಟು ಬಂದಿದ್ದೇನೆ. ಕುಕ್ಕರ್ ಕೂಗುವವರೆಗೆ ಆ ಕಥೆ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ.

ಮನೆಯಲ್ಲಿ ಈಗ ಇರುವುದು ನಾನು, ಚಂಪಾ ಇಬ್ಬರೇ. ಅವಳ ಅಪ್ಪ ಹೊಳೆಯಾಚೆ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ, ಹುಣ್ಣಿಮೆಗೊಮ್ಮೆ ಬರುತ್ತಾರೆ. ಚಂಪಾಳನ್ನೂ ಹೊಳೆಯಾಚೆಯ ಕಾಲೇಜಿಗೆ ಸೇರಿಸಿದ್ದೆವು, ಲೆಕ್ಕಪತ್ರದ ಕೋರ್ಸಿಗೆ. ಅವಳು ಲೆಕ್ಕದ ಪುಸ್ತಕದ ಅಂಚುಗಳಲ್ಲಿ ಮೇಕೆ, ಕಾಗೆ, ಬಾಲವಿಲ್ಲದ ಹಲ್ಲಿ ಬಿಡಿಸುತ್ತಾ ಕೂತು, ಕೋರ್ಸನ್ನು ಅರ್ಧಕ್ಕೆ ಬಿಟ್ಟು ಬಂದಳು. ಬಂದ ಮೊದಲ ವಾರವೇ ಬೀದಿಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳಿದರು: "ಏನಮ್ಮಾ, ಏನ್ ಮಾಡ್ಕೊಂಡಿದ್ದೀಯ ಈಗ?" ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇರಲಿಲ್ಲ. ಆದರೂ ಅವಳು ಆಮೇಲೆ ಮುಂಬಾಗಿಲಿನ ಕಡೆ ಸುಳಿಯುವುದನ್ನೇ ಬಿಟ್ಟಳು. ಬೆಳಿಗ್ಗೆ ಕೊಡ ಹಿಡಿದು ಬಂದವರ ದನಿ ಕೇಳಿದರೆ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು.

ಹೊಳೆಯಾಚೆ ಮಕ್ಕಳಿಗೆಂದೇ ಸಿನಿಮಾ ಮಾಡುವ ಒಂದು ಸಂಸ್ಥೆ ಇದೆಯಂತೆ. ಇವಳ ಚಿತ್ರಗಳನ್ನು ನೋಡಿ, ಒಂದು ಪುಟ್ಟ ಕಥೆಯನ್ನು ಓಡುವ ಚಿತ್ರ ಮಾಡಿ ಕಳಿಸು, ಹಿಡಿಸಿದರೆ ಮನೆಯಲ್ಲೇ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದಿದ್ದರು. ಹೋಳಿ ಹುಣ್ಣಿಮೆಯ ಒಳಗೆ ಅದು ಅವರ ಕೈ ಸೇರಬೇಕು. ಕಥೆ ಅವಳ ತಲೆಯಲ್ಲಿ ಮೊದಲೇ ಇತ್ತು. ಏನು ಕಂಡರೂ ತಿನ್ನುವ ಒಂದು ಮೇಕೆ ಗುಡ್ಡದ ಅಂಚಿನಲ್ಲಿ ಕೂತಿದ್ದ ಸೂರ್ಯನನ್ನು ನುಂಗಿಬಿಡುತ್ತದೆ. ಹೊಟ್ಟೆ ಕೆಂಪಗೆ ಹೊಳೆಯುತ್ತದೆ, ಮಲಗಿದಲ್ಲಿ ಹುಲ್ಲು ಸುಡುತ್ತದೆ, ಪಾಪ ಅದಕ್ಕೆ ನಿದ್ದೆ ಇಲ್ಲ. "ಆಮೇಲೆ?" ಎಂದು ಕೇಳಿದ್ದೆ. "ಕೊನೆ ಇನ್ನೂ ಸಿಕ್ಕಿಲ್ಲಮ್ಮ" ಎಂದಿದ್ದಳು.

ಚಿತ್ರ ಓಡಿಸಲು ಕಂಪ್ಯೂಟರ್ ಬೇಕು. ಮೊದಲು ಯಾರೋ ಬಳಸಿ ಬಿಟ್ಟಿದ್ದ ದೊಡ್ಡದೊಂದನ್ನು ತಂದಿದ್ದೆವು. ನಮ್ಮೂರಿನ ಬಿಸಿಗೆ ಅದು ಒಂದು ವಾರವೂ ತಾಳಲಿಲ್ಲ. ಹೊಗೆ ಬಂದು, ಸೀದ ಇಂಗಿನಂಥ ವಾಸನೆ ಮನೆಯಿಡೀ ತುಂಬಿ, ಕೆಟ್ಟುಹೋಯಿತು. ಎರಡನೆಯದನ್ನು ಚಂಪಾ ತಾನೇ ಕಟ್ಟಿದಳು. ಮದುವೆ ಕಾಗದಗಳಿಗೆ, ಶಾಲೆಯ ಮಕ್ಕಳ ಚಾರ್ಟುಗಳಿಗೆ ಚಿತ್ರ ಬರೆದುಕೊಟ್ಟು ಒಂದೊಂದೇ ಭಾಗ ತರಿಸಿದಳು. ಎಲ್ಲವನ್ನೂ ಕೂರಿಸಿದ್ದು ಎಲ್ಲಿ ಗೊತ್ತೇ? ಅವಳು ಚಿಕ್ಕವಳಿದ್ದಾಗ ಸ್ಕೂಲಿಗೆ ಒಯ್ಯುತ್ತಿದ್ದ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ. ಮುಚ್ಚಳದ ಒಳಗೆ ಮಗ್ಗಿ ಪಟ್ಟಿ ಅಂಟಿಸಿದ್ದ ಜಾಗದಲ್ಲಿ ಈಗ ತೆಳ್ಳಗಿನ ಪರದೆ. ಅಡಿಯಲ್ಲಿ ಹಸಿರು ಹಲಗೆ, ಅದರ ಮಗ್ಗುಲಲ್ಲಿ ಚಿತ್ರಗಳ ಲೆಕ್ಕ ಮಾಡುವ ಇನ್ನೊಂದು ಹಲಗೆ, ಮೂಲೆಯಲ್ಲಿ ಸಣ್ಣದೊಂದು ಬ್ಯಾಟರಿ. ಪುಸ್ತಕ ತುಂಬಿದ್ದಾಗಿನಷ್ಟೇ ಭಾರ.

"ಇಷ್ಟು ಸಣ್ಣದು ಯಾಕೆ ಮಾಡ್ದೆ?" ಎಂದು ಕೇಳಿದೆ.

"ಎತ್ಕೊಂಡು ಹೋಗೋಕೆ."

"ಎಲ್ಲಿಗೆ?"

ಅವಳು ಸ್ಕ್ರೂ ತಿರುಗಿಸುತ್ತಲೇ ಇದ್ದಳು. "ಬಿಸಿ ತಾನಾಗಿ ಆರೋ ಊರಿಗೆ" ಎಂದಳು.

ನಾನು ಸೊಪ್ಪು ಸೋಸುತ್ತಾ ಕೂತೆ. ಒಂದೇ ದಂಟನ್ನು ಎಷ್ಟು ಹೊತ್ತು ಸೋಸಿದೆನೋ.

ಪೆಟ್ಟಿಗೆಯನ್ನು ತಣ್ಣಗಿಡಲು ಅವಳು ಮಾಡದ ಉಪಾಯವಿಲ್ಲ. ಮೊಬೈಲಿನಲ್ಲಿ ನಿಂತು ನಿಂತು ಓಡುವ ವೀಡಿಯೋಗಳನ್ನು ನೋಡಿ, ಹೊರಗಿನ ಹುಡುಗರು ಹೇಳಿಕೊಟ್ಟಂತೆ ಎರಡು ಮಗ್ಗುಲಿಗೂ ಜರಡಿಯ ಹಾಗೆ ತೂತು ಕೊರೆದಳು. ಅಂಗೈಯಗಲದ ಎರಡು ಫ್ಯಾನು ಹಾಕಿದಳು, ಒಂದು ಗಾಳಿ ಎಳೆಯಲು, ಒಂದು ಹೊರಗೆ ತಳ್ಳಲು. ಬಿಸಿಯಾಗುವ ಭಾಗದ ಮೇಲೆ ಹಲ್ಲುಜ್ಜುವ ಪೇಸ್ಟಿನಂಥದ್ದೇನನ್ನೋ ಸವರಿ, ಬಾಗಿಸಿದ ತಾಮ್ರದ ಕೊಳವೆ ಕೂರಿಸಿದಳು. ಫ್ಯಾನುಗಳು ದುಂಬಿಯಂತೆ ಗುಂಯ್‌ಗುಟ್ಟುತ್ತಿದ್ದವು. ಬೇರೆ ಊರಾಗಿದ್ದರೆ ಅಷ್ಟು ಸಾಕಿತ್ತೇನೋ. ಇಲ್ಲಿ ಹೊರಗೆ ಬಂದ ಬಿಸಿ ಎಲ್ಲಿಗೂ ಹೋಗದೆ, ಅಮ್ಮನ ಸೆರಗು ಬಿಡದ ಮಗುವಿನಂತೆ ಪೆಟ್ಟಿಗೆಯ ಸುತ್ತಲೇ ನಿಂತುಕೊಳ್ಳುತ್ತಿತ್ತು. ಮತ್ತೆ ತೂತಿನಿಂದ ಒಳಗೆ ಹೋಗುತ್ತಿತ್ತು. ಪರದೆಯ ಮೂಲೆಯಲ್ಲಿ ಬಿಸಿ ಎಷ್ಟಿದೆಯೆಂದು ತೋರಿಸುವ ಅಂಕಿಯೊಂದಿದೆ. ಅದು ಕೆಂಪಾದರೆ ಪೆಟ್ಟಿಗೆ ತಾನೇ ಕಣ್ಣು ಮುಚ್ಚಿಬಿಡುತ್ತದೆ, ಅಲ್ಲಿಯವರೆಗೆ ಆಗುತ್ತಿದ್ದ ಚಿತ್ರ ಹಾಳಾಗುತ್ತದೆ. "ಒಂದೊಂದು ಚಿತ್ರಾನೂ ಒಳಗೆ ಬೇಯ್ಬೇಕಮ್ಮ, ನಿನ್ನ ಕಾಳಿನ ಹಾಗೆ. ಅರ್ಧಕ್ಕೆ ಉರಿ ತೆಗೆದ್ರೆ ಮತ್ತೆ ಮೊದಲಿಂದ" ಎಂದು ಅವಳು ವಿವರಿಸಿದ್ದಳು.

ಇಬ್ಬರೇ ಇರುವ ಮನೆಗೆ ಎಷ್ಟು ಬಿಸಿ ಬೇಕಾದೀತು? ಸ್ನಾನದ ನೀರಿಗೆ ಒಂದಿಷ್ಟು ಹೋಗುತ್ತಿತ್ತು. ನನ್ನ ಸಂಡಿಗೆ ಒಣಗಿಸಲು ಒಂದಿಷ್ಟು. ಒಂದು ದಿನ ಚಂಪಾ ಮೂರು ಸಲ ಮಿಂದಳು. ಮೂರನೆಯ ಸಲ ನೀರು ಕಾಯಲೇ ಇಲ್ಲ. ಅವಳಿಗೆ ಬೇಕಾಗಿದ್ದುದು ಬಿಸಿನೀರಲ್ಲ, ಬಿಸಿ ತೊಲಗುವುದು. ನಮ್ಮೂರಿನ ಬಿಸಿ ಬೇಕು ಅನ್ನುವವರ ಕಡೆಗೆ ಹೋಗುತ್ತದೆ. ತೊಲಗಲಿ ಅನ್ನುವವರ ಮಾತು ಅದಕ್ಕೆ ಕೇಳಿಸುವುದಿಲ್ಲ. ತಲೆಯಿಂದ ತಣ್ಣೀರು ತೊಟ್ಟಿಕ್ಕಿಸುತ್ತಾ ಬಚ್ಚಲಿಂದ ಬಂದವಳನ್ನು ನೋಡಿ ನನಗೆ ನಗು, ಅಳು ಎರಡೂ ಬಂದವು.

ಇಷ್ಟು ನೋಡಿದ ಮೇಲೂ ನಾನು ಅದೇ ತಪ್ಪು ಮಾಡಿದೆ. ಒಂದು ಮಧ್ಯಾಹ್ನ ಅವಳು ಉಂಡು ಚಾಪೆಯ ಮೇಲೆ ಕಣ್ಣು ಮುಚ್ಚಿದ್ದಳು. ಪೆಟ್ಟಿಗೆಯಲ್ಲಿ ಚಿತ್ರ ಬೇಯುತ್ತಿತ್ತು. ಅಂಕಿ ಏರುತ್ತಾ ಕಿತ್ತಳೆ ಬಣ್ಣಕ್ಕೆ ಬಂದಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ. ಎರಡೂ ಅಂಗೈಗಳನ್ನು ಪೆಟ್ಟಿಗೆಯ ಮಗ್ಗುಲಿಗೆ ಒತ್ತಿ, "ಬೇಕು, ಕೊಡಪ್ಪಾ" ಎಂದೆ. ಕೊಟ್ಟಿತು. ಬಿಸಿ ಅಂಗೈಯಿಂದ ಮೊಣಕೈವರೆಗೆ ಏರಿತು. ನನಗೆ ಎಂಥ ಸಂತೋಷ! ಮರುಗಳಿಗೆಯಲ್ಲೇ, ಹೊಸಿಲು ದಾಟಿದ ಮೇಲೆ ಮನೆಯವರ ಮುಖ ನೋಡಿ ಹಿಂದಿರುಗುವ ನೆಂಟನ ಹಾಗೆ, ಬಂದ ದಾರಿಯಲ್ಲೇ ವಾಪಸು ಹೊರಟಿತು. ಹೋಗುವಾಗ ಇಮ್ಮಡಿಯಾಗಿ ಹೋಯಿತು. ಅಂಕಿ ಕೆಂಪಾಯಿತು, ಫ್ಯಾನು ನಿಂತಿತು, ಪರದೆ ಕಪ್ಪಾಯಿತು.

ಸದ್ದು ನಿಂತಿದ್ದಕ್ಕೇ ಚಂಪಾ ಎದ್ದಳು. "ಯಾಕಮ್ಮ ಮುಟ್ಟಿದೆ?"

"ನಿನ್ನ ಕೆಲಸ ನಿಲ್ಲದೇ ಇರಲಿ ಅಂತ."

"ನಿಂಗೆ ಬೇಕಿತ್ತಾ ಬಿಸಿ?"

"ಇಲ್ಲ."

"ಮತ್ತೆ?"

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಪೆಟ್ಟಿಗೆಯ ಮೇಲೆ ತಲೆಯಿಡಲು ಹೋಗಿ, ಸುಟ್ಟು ಹಿಂದೆ ಸರಿದು, ಗೋಡೆಗೆ ಒರಗಿ ಕೂತಳು. "ಇದೂ ಸುಟ್ಟುಹೋದ್ರೆ ಇನ್ನೊಂದು ಕಟ್ಟೋಕೆ ನನ್ನ ಹತ್ರ ಏನೂ ಉಳಿದಿಲ್ಲಮ್ಮ" ಎಂದಳು. ಸಂಕ್ರಾಂತಿ ಕಳೆದಿತ್ತು. ಮೇಕೆ ಇನ್ನೂ ಸೂರ್ಯನನ್ನು ನುಂಗಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಿಂದಿನ ಬೀದಿಯ ನಬೀಸಮ್ಮ ಬಂದಳು. ನಬೀಸಮ್ಮ ಕೋಳಿ ಸಾಕುತ್ತಾಳೆ. ಅವಳ ನಾಲಗೆಗೆ ಮೂಳೆಯಿಲ್ಲ, ಮನಸ್ಸು ಬೆಣ್ಣೆ. ಆ ಹೊತ್ತಿಗೆ ನನ್ನ ಅನ್ನದ ಪಾತ್ರೆಯ ಬಿಸಿಯನ್ನು ಬೇರೆಯವರು ಕೇಳಿ ತೆಗೆದುಕೊಂಡು ಹೋಗಿಯಾಗಿತ್ತು.

"ಅಯ್ಯೋ ವಾರಿಜಕ್ಕ, ನಿನ್ನೆ ಮೊಟ್ಟೆ ಒಡೆದು ಮರಿ ಬಂದಿದಾವೆ. ಚಳಿಗೆ ಒಂದರ ಮೇಲೊಂದು ಹತ್ತಿ ಕೂತ್ಕೊಂಡು ಚಿಂವ್ ಚಿಂವ್ ಅಂತಾವೆ. ಸಾರಿನ ಪಾತ್ರೆನಾದ್ರೂ ಕೊಡಿ."

"ಸಾರು ಇನ್ನೂ ಕುದಿಬೇಕು ನಬೀಸಾ."

ಅವಳು ಕಿವಿಗೊಟ್ಟಳು. ಒಳಕೋಣೆಯಿಂದ ದುಂಬಿಯ ಸದ್ದು ಬರುತ್ತಿತ್ತು. "ಒಳಗೇನೋ ಕುದೀತಾ ಇದೆ. ನಂಗೆ ಇಲ್ಲ ಅಂತೀರಿ, ಒಳಗೆ ಬಚ್ಚಿಟ್ಕೊಂಡಿದ್ದೀರಿ!"

"ಅದು ಚಂಪಾಳ ಕಂಪ್ಯೂಟರು."

"ಏನಾದ್ರೂ ಆಗ್ಲಿ. ಬಿಸಿ ಇದೆಯಾ ಇಲ್ವಾ?" ಎಂದವಳೇ ಚಿಲಕ ಹಾಕಿದ ಬಾಗಿಲನ್ನು ಬಡಿದಳು. "ಏ ಹುಡುಗಿ! ಬಾಗಿಲು ತೆಗಿ. ನನ್ನ ಮರಿಗಳು ಸಾಯ್ತಾವೆ. ಬೇಕು, ಕೊಡು!"

ಒಳಗಿನಿಂದ ಚಿಲಕ ಸರಿದ ಸದ್ದು. ಚಂಪಾ ಬಾಗಿಲು ತೆರೆದು ನಿಂತಿದ್ದಳು, ಕೂದಲು ಕೆದರಿಕೊಂಡು, ನನ್ನ ಹಳೇ ಸ್ವೆಟರ್ ತೊಟ್ಟುಕೊಂಡು. "ಇಲ್ಲೇ ನಿಂತು ಕೇಳಿದ್ದಕ್ಕೇ ಅಂಕಿ ಇಳೀತಿದೆ" ಎಂದಳು ಮೆಲ್ಲಗೆ. ನಬೀಸಮ್ಮನಿಗೆ ಹೇಳಿದಳೋ, ನನಗೋ, ತನಗೆ ತಾನೇ ಹೇಳಿಕೊಂಡಳೋ ತಿಳಿಯಲಿಲ್ಲ.

ಬಿಸಿಯನ್ನು ಹೊತ್ತೊಯ್ಯಲು ನಬೀಸಮ್ಮನ ಹತ್ತಿರ ಕೊಡವಿರಲಿಲ್ಲ, ಬರೀ ಬುಟ್ಟಿ. ಮರಿಗಳಿರುವಲ್ಲಿಗೇ ಪೆಟ್ಟಿಗೆ ಹೋಗಬೇಕು. ಚಂಪಾ ನನ್ನ ಮುಖ ನೋಡಿದಳು. ಎಷ್ಟೋ ತಿಂಗಳಿಂದ ಅವಳು ಬೀದಿಗೆ ಇಳಿದಿರಲಿಲ್ಲ. ಹೋಗು ಎಂದು ನಾನು ಹೇಳಲಿಲ್ಲ. ಚಪ್ಪಲಿಯನ್ನು ಹೊಸಿಲಿನ ಹತ್ತಿರ ಸರಿಯಾಗಿ ತಿರುಗಿಸಿಟ್ಟೆ, ಅಷ್ಟೇ. ಅವಳು ಪೆಟ್ಟಿಗೆಯ ಹಿಡಿ ಹಿಡಿದು, ಸ್ಕೂಲಿಗೆ ಹೊರಟವಳಂತೆಯೇ ಹೊರಟಳು.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದಾಗ ನಾನು ಕಂಡದ್ದು ಇದು. ಹುಲ್ಲು ಹಾಸಿದ ಬುಟ್ಟಿಯ ನಡುವೆ ಪೆಟ್ಟಿಗೆ, ಅದರ ಸುತ್ತ ಅರಿಶಿನದ ಉಂಡೆಗಳಂತೆ ಮರಿಗಳು. ಒಂದು ಮರಿ ಫ್ಯಾನಿನ ಗಾಳಿಗೆ ಎದುರಾಗಿ ರೆಕ್ಕೆ ಬಿಚ್ಚಿ ನಿಂತಿತ್ತು. ಚಂಪಾ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಚಿತ್ರ ತಿದ್ದುತ್ತಿದ್ದಳು. ಅಂಕಿ ಹಸಿರಾಗಿತ್ತು. ಅಂಥ ಹಸಿರು ಅದರಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಏನ್ ಮಾಡ್ಕೊಂಡಿದ್ದೀಯ ಈಗ ಅಂತ ಕೇಳ್ದೆ ವಾರಿಜಕ್ಕ. ಮೇಕೆಗೆ ಸೂರ್ಯ ತಿನ್ನಿಸ್ತಿದ್ದೀನಿ ಅಂತಾಳೆ ನಿಮ್ಮ ಮಗಳು!" ಎಂದಳು ನಬೀಸಮ್ಮ. "ತಿನ್ನಿಸು ತಾಯಿ, ನನ್ನ ಕೋಳಿಗಳಿಗೆ ಮಾತ್ರ ತಿನ್ನಿಸ್ಬೇಡ, ಮೊಟ್ಟೆ ಬೆಂದೇ ಹೊರಗೆ ಬಂದಾವು ಅಂದೆ." ಚಂಪಾ ನಗುತ್ತಿದ್ದಳು. ಆ ನಗು ಕೇಳಿ ನಾನು ಊಟಕ್ಕೆ ಕರೆಯಲು ಬಂದಿದ್ದನ್ನೇ ಮರೆತೆ.

ಆಮೇಲೆ ಅದು ದಿನಚರಿಯೇ ಆಯಿತು. ಪೆಟ್ಟಿಗೆಯನ್ನು ತಣ್ಣಗಿಡುವುದೆಂದರೆ ಊರಿನಲ್ಲಿ ಯಾರಿಗೆ ಚಳಿಯಾಗುತ್ತಿದೆ ಎಂದು ಹುಡುಕುವುದು. ಬೆಳಿಗ್ಗೆ ಮರಿಗಳ ಹತ್ತಿರ. ಅಲ್ಲಿಂದ ಬಸ್ ಸ್ಟ್ಯಾಂಡಿನ ಹತ್ತಿರದ ಸುಬ್ಬರಾಯರ ಹೋಟೆಲಿಗೆ. ಚಳಿಗೆ ಅವರ ದೋಸೆ ಹಿಟ್ಟು ಉಬ್ಬುತ್ತಿರಲಿಲ್ಲ. ಪೆಟ್ಟಿಗೆಯನ್ನು ಹಿಟ್ಟಿನ ಡಬರಿಗೆ ತಾಗಿಸಿ ಇಟ್ಟರೆ ಮೂರು ಗಂಟೆಯ ಹೊತ್ತಿಗೆ ಹಿಟ್ಟು ಮುಚ್ಚಳ ಎತ್ತುತ್ತಿತ್ತು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು ಬ್ಯಾಟರಿ ತಡೆಯುತ್ತಿತ್ತು. ಹೋದ ಕೂಡಲೇ ಅವಳ ಮೊದಲ ಮಾತು, "ಪ್ಲಗ್ ಎಲ್ಲಿದೆ?"

ಸಂಜೆ ಪಾಯಣ್ಣನವರ ಜಗಲಿ. ಅವರು ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದವರು. ಊರೆಲ್ಲ ಸೈಕಲ್ ತುಳಿದ ಮೊಣಕಾಲು ಚಳಿಗಾಲ ಬಂದರೆ ಮಡಚುವುದಿಲ್ಲ. ಪೆಟ್ಟಿಗೆಯನ್ನು ಎರಡು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಮೊಮ್ಮಗನನ್ನು ಹಿಡಿದ ಹಾಗೆ ಹಿಡಿದುಕೊಳ್ಳುತ್ತಿದ್ದರು.

"ಅಲ್ಲಮ್ಮಾ, ಆ ಮೇಕೆ ಮುಖ ಎಲ್ಲೋ ನೋಡ್ದಂಗಿದೆಯಲ್ಲ?" ಎಂದು ಒಂದು ಸಂಜೆ ಕೇಳಿದರು.

"ಎಲ್ಲಿ ಅಜ್ಜ?"

"ಕನ್ನಡೀಲಿ."

ಚಂಪಾ ತಲೆ ತಗ್ಗಿಸಿದಳು. ಮೇಕೆಗೆ ಬಿಳಿ ಗಡ್ಡ, ಇಳಿಬಿದ್ದ ಹುಬ್ಬು ನಿಜವಾಗಿಯೂ ಬಂದಿತ್ತು. "ಬೇಜಾರಾಯ್ತಾ ಅಜ್ಜ?"

"ಬೇಜಾರೇನು, ಸೂರ್ಯನ್ನ ನುಂಗೋ ಯೋಗ ಎಷ್ಟು ಜನಕ್ಕಿದೆ? ಹೊಟ್ಟೆ ಮಾತ್ರ ಒಂಚೂರು ಕರಗಿಸು. ನನಗೆ ಅಷ್ಟಿಲ್ಲ."

ಹೊಟ್ಟೆ ಒಂಚೂರು ಕರಗಿತು. ಕಥೆಯ ಕೊನೆಯೂ ಅದೇ ವಾರ ಸಿಕ್ಕಿತು. ಸಿಕ್ಕಿದ್ದು ಎಲ್ಲಿ ಎಂದು ಅವಳು ಹೇಳಲಿಲ್ಲ. ಆದರೆ ಸೂರ್ಯ ತುಂಬಿದ ಹೊಟ್ಟೆಯ ಮೇಕೆ ಬೀದಿ ಬೀದಿ ಅಲೆದು, ಚಳಿಗೆ ನಡುಗುವ ಕೋಳಿಮರಿಗಳ ನಡುವೆ ಮೆಲ್ಲಗೆ ಮಲಗುವ ಚಿತ್ರವನ್ನು ನೋಡಿದ ಮೇಲೆ ಕೇಳುವ ಅಗತ್ಯವೂ ಇರಲಿಲ್ಲ. ಮೇಕೆಗೆ ಕೊನೆಗೂ ನಿದ್ದೆ ಬರುತ್ತದೆ. ಹೊಟ್ಟೆಯ ಕೆಂಪು ಒಂದೊಂದೇ ಮರಿಗೆ ಹಂಚಿಹೋಗುತ್ತದೆ.

ಕುಕ್ಕರ್ ಕೂಗಿತು. ಒಗ್ಗರಣೆ ಹಾಕಿ ಬಂದೆ. ನಡುವೆ ನನ್ನ ಬೆರಳುಗಳ ವಿಷಯವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೆಲವು ವರ್ಷಗಳಿಂದ ನನ್ನ ಬೆರಳ ಗಂಟುಗಳು ನೋಯುತ್ತವೆ. ಬಟ್ಟೆ ಒಗೆದು ಬಂದರಂತೂ ಮಡಚಲಿಕ್ಕೇ ಬರುವುದಿಲ್ಲ, ಸೌಟನ್ನು ಎರಡು ಕೈಯಲ್ಲಿ ಹಿಡಿಯಬೇಕು. ಯಾರಿಗೂ ಹೇಳಿರಲಿಲ್ಲ. ಇಷ್ಟು ಬಿಸಿ ಇರುವ ಅಡುಗೆಮನೆಯಲ್ಲಿ ನಿಂತು ನನಗೂ ಒಂದಿಷ್ಟು ಬೇಕೆಂದು ಕೇಳಬಹುದು ಎನ್ನುವುದು ಹೊಳೆದೇ ಇರಲಿಲ್ಲ. ಬಾಗಿಲಲ್ಲಿ ಯಾವಾಗಲೂ ಯಾರಾದರೊಬ್ಬರು ನಿಂತಿರುತ್ತಿದ್ದರಲ್ಲ.

ಹೋಳಿ ಹುಣ್ಣಿಮೆಯ ಹಿಂದಿನ ದಿನ. ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಬೋರಣ್ಣನ ಕೈಗೆ ಚಿತ್ರ ಕೊಟ್ಟರೆ ಸಂಜೆಯೊಳಗೆ ಹೊಳೆಯಾಚೆ ತಲುಪಿಸುತ್ತೇನೆಂದು ಅವನು ಒಪ್ಪಿದ್ದ. ನಮ್ಮೂರಿನ ಇಂಟರ್ನೆಟ್ಟಿನಲ್ಲಿ ಕಳಿಸಲು ಹೋದರೆ ಮುಂದಿನ ಹೋಳಿಗೆ ಮುಟ್ಟುತ್ತಿತ್ತೇನೋ. ಎಲ್ಲ ಮುಗಿದು, ಕೊನೆಯ ತುಣುಕೊಂದು ಬೇಯುವುದು ಬಾಕಿಯಿತ್ತು, ಮೇಕೆ ಮಲಗುವ ತುಣುಕು. ಆದರೆ ಆ ಬೆಳಿಗ್ಗೆ ಚಳಿಗಾಲ ಹೇಳದೆ ಕೇಳದೆ ಊರು ಬಿಟ್ಟು ಹೋಗಿತ್ತು. ಹತ್ತು ಗಂಟೆಗೇ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಚಂಪಾ ಪೆಟ್ಟಿಗೆ ಹಿಡಿದು ನಬೀಸಮ್ಮನ ಮನೆಗೆ ಹೋದಳು. ಮರಿಗಳೆಲ್ಲ ಬಲಿತು, ನೆರಳಲ್ಲಿ ಕೊಕ್ಕು ತೆರೆದುಕೊಂಡು ಕೂತಿದ್ದವು. ಹೋಟೆಲಿಗೆ ಹೋದಳು. ಸುಬ್ಬರಾಯರು ಕೈಯಲ್ಲಾಡಿಸಿದರು, "ಇವತ್ತು ಬೇಡ ಕಣಮ್ಮ, ಹಿಟ್ಟು ಈಗಲೇ ಹುಳಿ ಬಂದಿದೆ." ಪಾಯಣ್ಣನವರು ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು, "ನನ್ನ ಬಿಸಿನೇ ಯಾರಾದ್ರೂ ತಗೊಳ್ಳಿ ಮಾರಾಯ್ತಿ" ಎಂದರು. ಅವಳ ಮೇಲಿನ ಪ್ರೀತಿಗೆ ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟು "ಬೇಕು" ಎನ್ನಲು ಹೊರಟಿದ್ದರಂತೆ. "ಬೇಡ ಅಜ್ಜ, ಸುಳ್ಳು ಹೇಳ್ಬೇಡಿ, ವಾಪಸ್ ಬರುತ್ತೆ" ಎಂದು ಅವಳೇ ಕೈ ಹಿಡಿದು ತಡೆದಳಂತೆ.

ನಾನು ಕೆರೆಯಿಂದ ಬಟ್ಟೆ ಒಗೆದುಕೊಂಡು ಬರುತ್ತಿದ್ದಾಗ ಅವಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಕಬ್ಬಿನ ಹಾಲಿನ ಅಂಗಡಿಯ ಪ್ಲಗ್ಗಿಗೆ ವೈರು ಸಿಕ್ಕಿಸಿ, ಸಿಮೆಂಟಿನ ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಅಂಕಿ ಕಿತ್ತಳೆ ಬಣ್ಣದಲ್ಲಿತ್ತು. ಫ್ಯಾನು ಕಿರುಚುತ್ತಿತ್ತು. ನಬೀಸಮ್ಮ ವಿಷಯ ತಿಳಿದು ಹಿಂದೆಯೇ ಬಂದು, ಬೀಸಣಿಗೆ ಹಿಡಿದು ಸುಮ್ಮನೆ ಗಾಳಿ ಹಾಕುತ್ತಿದ್ದಳು. ಅದರಿಂದ ಪ್ರಯೋಜನವಿಲ್ಲವೆಂದು ಅವಳಿಗೂ ಗೊತ್ತಿತ್ತು. ಬಸ್ಸಿನ ಇಂಜಿನ್ ಶುರುವಾಗಿತ್ತು.

"ಇನ್ನೆಷ್ಟು ಬೇಯ್ಬೇಕು?" ಎಂದೆ.

"ಒಂಚೂರು. ಒಂದೇ ಒಂಚೂರು. ಆದ್ರೆ ಅಂಕಿ ಏರ್ತಿದೆ, ನಿಂತುಹೋದ್ರೆ ಈ ತುಣುಕು ಮತ್ತೆ ಮೊದಲಿಂದ. ಅಮ್ಮ, ಅತ್ತ ಕಡೆ ಹಿಡಿ. ಐಸ್‌ಕ್ಯಾಂಡಿ ಫ್ಯಾಕ್ಟರಿಗೆ ಹೋಗೋಣ, ಅಲ್ಲಿ ಯಾರಿಗಾದ್ರೂ ಚಳಿಯಾಗ್ತಿರುತ್ತೆ."

ಬಟ್ಟೆಯ ಬಕೆಟ್ಟು ಇಳಿಸಿ, ಪೆಟ್ಟಿಗೆಯ ಆಚೆ ಬದಿಯನ್ನು ಹಿಡಿದೆ. ಹಿಡಿದೆ ಎಂದುಕೊಂಡೆ. ಬೆರಳುಗಳು ಮಡಚಲಿಲ್ಲ. ಪೆಟ್ಟಿಗೆ ಜಾರಿತು. ಚಂಪಾ ಹೊಟ್ಟೆಯನ್ನೇ ಅಡ್ಡಕೊಟ್ಟು ತಡೆದಳು, ಇಲ್ಲದಿದ್ದರೆ ಅವತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಪೆಟ್ಟಿಗೆಯನ್ನು ಬೆಂಚಿನ ಮೇಲೆ ವಾಪಸು ಇಟ್ಟು ಅವಳು ನನ್ನ ಕೈ ಎತ್ತಿ ನೋಡಿದಳು. ಗಂಟುಗಳು ಹಸಿಶುಂಠಿಯ ಹಾಗೆ ಊದಿಕೊಂಡಿದ್ದವು.

"ಇದೇನಮ್ಮ? ನೋಯುತ್ತಾ?"

"ಏನಿಲ್ಲ. ನೀನು ಪೆಟ್ಟಿಗೆ ನೋಡು."

"ಪೆಟ್ಟಿಗೆ ಹಾಳಾಗ್ಲಿ. ನೋಯುತ್ತಾ?"

ಪೆಟ್ಟಿಗೆ ಹಾಳಾಗ್ಲಿ ಎಂದವಳ ಮುಖವನ್ನು ನೋಡಿದೆ. ಬಸ್ಸು ಹಾರ್ನ್ ಹೊಡೆಯಿತು. ಬೋರಣ್ಣ ಫುಟ್‌ಬೋರ್ಡಿನ ಮೇಲಿಂದ, "ರೈಟ್ ಹೇಳ್ಲಾ, ಇರ್ಲಾ?" ಎಂದು ಕೂಗಿದ. "ಇರಯ್ಯಾ, ನಿನ್ನ ಬಸ್ಸೇನು ಹಸಿದುಕೊಂಡಿದೆಯಾ!" ಎಂದು ನಬೀಸಮ್ಮ ತಿರುಗಿ ಕೂಗಿದಳು. ನನಗೆ ಮಾತ್ರ ಆ ಸದ್ದೆಲ್ಲ ದೂರ ಹೋಯಿತು. ಯಾರೋ ಕೇಳಿದರಲ್ಲ ಅಂತಲೋ ಏನೋ, ಅಷ್ಟು ವರ್ಷ ಇಲ್ಲ ಇಲ್ಲ ಎಂದು ತಳ್ಳಿಟ್ಟಿದ್ದ ನೋವೆಲ್ಲ ಒಟ್ಟಿಗೆ ಬೆರಳಿಗೆ ಬಂದು ಕೂತಿತು. ಆ ಗಳಿಗೆಯಲ್ಲಿ ನನಗೆ ಮೇಕೆಯೂ ನೆನಪಿರಲಿಲ್ಲ, ಹುಣ್ಣಿಮೆಯೂ ನೆನಪಿರಲಿಲ್ಲ.

"ನೋಯುತ್ತೆ ಚಂಪಾ" ಎಂದೆ. "ತುಂಬಾ ದಿನದಿಂದ ನೋಯುತ್ತೆ. ಒಂಚೂರು ಶಾಖ ಸಿಕ್ಕಿದ್ರೆ ಸಾಕು ಅನ್ನಿಸ್ತಿದೆ. ಬೇಕು ಮಗಳೇ, ಕೊಡ್ತೀಯಾ?"

ಅವಳ ಕಣ್ಣು ತುಂಬಿತು. "ನಿಂದೇ ಅಮ್ಮ, ತಗೋ" ಎಂದು ನನ್ನ ಎರಡೂ ಅಂಗೈಗಳನ್ನು ಹಿಡಿದು ಪೆಟ್ಟಿಗೆಯ ಮಗ್ಗುಲಿಗೆ ಒತ್ತಿದಳು.

ಬಿಸಿ ಬಂತು. ಈ ಸಲ ಹೊಸಿಲಲ್ಲಿ ನಿಂತು ಮುಖ ನೋಡಲಿಲ್ಲ, ನೇರ ಒಳಗೆ ಬಂದು ಕಾಲು ಚಾಚಿ ಕೂತಿತು. ಗಂಟು ಗಂಟಿನಲ್ಲೂ ಹರಳೆಣ್ಣೆ ಸವರಿ ತೀಡಿದ ಹಾಗೆ. ಕಿರುಬೆರಳು ಮೊದಲು ಬಾಗಿತು, ಆಮೇಲೆ ಉಂಗುರದ ಬೆರಳು. ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ. ಫ್ಯಾನಿನ ಕಿರುಚಾಟ ಇಳಿದು ಗುಂಯ್ ಎನ್ನುವ ದುಂಬಿಯಾಯಿತು. "ಹಸಿರು! ವಾರಿಜಕ್ಕ, ಹಸಿರು ಬಂತು, ಕೈ ತೆಗೀಬೇಡಿ!" ಎಂದು ನಬೀಸಮ್ಮ ಕೂಗಿದ್ದು ಕೇಳಿಸಿತು. ಕೈ ತೆಗೆಯುವ ಯೋಚನೆಯೇ ನನಗಿರಲಿಲ್ಲ.

ಕೊನೆಯ ತುಣುಕು ಬೆಂದಿತು. ಚಂಪಾ ಅದನ್ನು ಬೆರಳಗಲದ ಪೆನ್‌ಡ್ರೈವಿಗೆ ಹಾಕಿ, 'ಮೇಕೆ' ಎಂದು ಬರೆದ ಚೀಟಿ ಸುತ್ತಿ, ಹೊರಟ ಬಸ್ಸಿನ ಜೊತೆ ಓಡಿ ಬೋರಣ್ಣನ ಕೈಗಿತ್ತಳು. ಬಸ್ಸು ತಿರುವು ದಾಟುವವರೆಗೆ ಅವಳು ರಸ್ತೆಯ ನಡುವೆ ನಿಂತಿದ್ದಳು. ಎತ್ತಿ ಒಯ್ಯಬಹುದಾದ ಪೆಟ್ಟಿಗೆ ಬೆಂಚಿನ ಮೇಲೇ ಇತ್ತು, ನನ್ನ ಕೈಗಳ ನಡುವೆ.

ಸಂಸ್ಥೆಯವರ ಉತ್ತರ ಯುಗಾದಿಗೆ ಮೊದಲು ಬಂತು. ಮೇಕೆಯ ಚಿತ್ರವನ್ನು ಅಲ್ಲಿನ ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರಂತೆ. ಇನ್ನೊಂದು ಕಥೆ, ಇದಕ್ಕಿಂತ ಉದ್ದದ್ದು, ಮಾಡಿಕೊಡಲು ಹೇಳಿದ್ದಾರೆ. ಅಲ್ಲಿಗೇ ಬಂದು ಮಾಡುವುದಾದರೆ ತಂಪಾದ ಕೋಣೆಯನ್ನೂ ಕೊಡುತ್ತಾರಂತೆ. ಚಂಪಾ ಓದಿ ನನ್ನ ಕಡೆ ನೋಡಿದಳು.

"ಬಿಸಿಲುಗಾಲ ಮುಗೀಲಿ, ಇಲ್ಲೇ ಶುರು ಮಾಡ್ತೀನಿ" ಎಂದಳು. "ಮಳೆ ಹಿಡೀತು ಅಂದ್ರೆ ನಮ್ಮೂರಲ್ಲಿ ಯಾರಿಗೆ ಬೇಡ ಬಿಸಿ? ಒದ್ದೆ ಬಟ್ಟೆ, ಒದ್ದೆ ಸೌದೆ, ಪಾಯಣ್ಣಜ್ಜನ ಮೊಣಕಾಲು. ಅಲ್ಲಿವರೆಗೂ ನಿನ್ನ ಬೆರಳಿಗೆ ಸಾಕಾಗುವಷ್ಟು ಸಣ್ಣ ಸಣ್ಣ ಚಿತ್ರ ಮಾಡ್ತಿರ್ತೀನಿ." ಮುಂದೆ ಎಂದಾದರೂ ಹೋಗುತ್ತಾಳೋ ಏನೋ, ಗೊತ್ತಿಲ್ಲ. ಹೋದರೆ ಅವಳ ಪೆಟ್ಟಿಗೆಗೆ ಹಿಡಿ ಇದೆ. ಅದೇ ಹಿಡಿ ಹಿಡಿದು ವಾಪಸೂ ಬರಬಹುದು.

ಇವತ್ತು ಬೆಳಿಗ್ಗೆ ಅನ್ನ ಇಳಿಸುವ ಹೊತ್ತಿಗೆ ಎಂದಿನಂತೆ ನಬೀಸಮ್ಮ ಕೊಡ ಹಿಡಿದು ಬಾಗಿಲಿಗೆ ಬಂದಳು. "ಬೇಕು ವಾರಿಜಕ್ಕ, ಕೊಡಿ" ಎಂದಳು. ಎಂದಿನಂತೆ "ನಿಮ್ಮದೇ" ಎನ್ನಲು ಬಾಯಿ ತೆರೆದವಳು ತಡೆದೆ. ಬಟ್ಟೆ ಒಗೆದು ಬಂದಿದ್ದೆ, ಬೆರಳು ಸೆಟೆದಿತ್ತು.

"ಒಂದು ನಿಮಿಷ ನಿಲ್ಲು ನಬೀಸಾ" ಎಂದೆ. "ಮೊದಲು ನನಗೆ ಬೇಕು."

ಅವಳು ಕೊಡವನ್ನು ಸೊಂಟದಿಂದ ಇಳಿಸಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅಂತೂ ಬಾಯಿ ಬಂತು!" ಎಂದಳು. ಆಮೇಲೆ ಹೊಸಿಲ ಮೇಲೆ ಆರಾಮಾಗಿ ಕೂತು, "ನಿಧಾನಕ್ಕೆ ತಗೊಳ್ಳಿ, ನಂಗೇನು ಅವಸರ ಇಲ್ಲ" ಎಂದಳು.